ಡಬ್ಬಿ ಹಣ್ಣಿನ ಕ್ಯಾಲೊರಿ ಎಣಿಸುವುದು ಹೇಗೆ? ಅದರಲ್ಲಿ ಪೋಷಕಾಂಶ ಉಳಿದಿರುತ್ತದೆಯೇ?

ಸವಣೂರಿನಲ್ಲಿ ನಮಗೆ ಪರಿಚಯದ ಮನೆಯೊಂದರಲ್ಲಿ ಕೇಳಿದ ಮಾತಿದು. ಚಳಿಗಾಲದ ದಿನ. ಮನೆಗೆ ಬಂದ ನೆಂಟರು ಒಂದು ಡಬ್ಬಿ ಅನಾನಸ್, ಒಂದು ಡಬ್ಬಿ ಮಾವಿನ ಪಲ್ಪ್ ತಂದಿದ್ದರು. ಹತ್ತು ವರ್ಷದಿಂದ ಶುಗರ್ ಇರುವ ಅಜ್ಜಿ ಬಟ್ಟಲು ಮುಂದೆ ಹಿಡಿದರು.

“ಅತ್ತೀ, ಡಬ್ಬ್ಯಾಗಿಂದ್ರಾಗ ಬರೇ ಸಕ್ರಿ ಇರತೈತ್ರಿ, ಬ್ಯಾಡ್ರಿ” ಎಂದರು ಸೊಸೆ.

“ಹಣ್ಣ ಅಲ್ಲೇನವಾ ಅದು? ಹಣ್ಣ ತಿನ್ರಿ ಅಂತ ಡಾಕ್ಟ್ರೇ ಹೇಳ್ಯಾರಲ್ಲ” ಎಂದರು ಅಜ್ಜಿ.

ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಇಬ್ಬರೂ ಡಬ್ಬಿಯ ಹಿಂಭಾಗವನ್ನು ತಿರುಗಿಸಿ ನೋಡಲಿಲ್ಲ. ನೋಡಿದ್ದರೂ ಅಲ್ಲಿದ್ದ ಸಣ್ಣ ಅಕ್ಷರಗಳು ಏನು ಹೇಳುತ್ತವೆ ಎಂದು ತಿಳಿಯುವುದು ಸುಲಭವಿರಲಿಲ್ಲ. ಆ ಅಕ್ಷರಗಳನ್ನು ಓದುವುದು ಹೇಗೆ, ಅದರಿಂದ ಕ್ಯಾಲೊರಿ ಲೆಕ್ಕ ಹಾಕುವುದು ಹೇಗೆ, ಲೆಕ್ಕಕ್ಕೆ ಸಿಗದೇ ಹೋಗುವುದು ಯಾವುದು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಚುಟುಕಾಗಿ ಉತ್ತರ

ಡಬ್ಬಿ ಹಣ್ಣಿನ ಕ್ಯಾಲೊರಿಯನ್ನು ಹಣ್ಣಿಗಿಂತ ಹೆಚ್ಚಾಗಿ ಅದು ಮುಳುಗಿರುವ ದ್ರವ ನಿರ್ಧರಿಸುತ್ತದೆ. ನೀರಿನಲ್ಲಿಟ್ಟ, ಹಣ್ಣಿನ ರಸದಲ್ಲಿಟ್ಟ, ಸಕ್ಕರೆ ಪಾಕದಲ್ಲಿಟ್ಟ ಅನಾನಸ್‌ಗಳು ನೋಡಲು ಒಂದೇ ತರಹ ಇದ್ದರೂ ಲೆಕ್ಕದಲ್ಲಿ ಬೇರೆ ಬೇರೆ. ಪೋಷಕಾಂಶಗಳ ಪೈಕಿ ವಿಟಮಿನ್ ಸಿ ಬಹುಪಾಲು ಕಡಿಮೆಯಾಗುತ್ತದೆ, ನಾರಿನಂಶ ಸ್ವಲ್ಪ ಕಡಿಮೆಯಾಗುತ್ತದೆ, ಮಾವಿನ ಹಳದಿ ಬಣ್ಣಕ್ಕೆ ಕಾರಣವಾದ ಕ್ಯಾರೋಟಿನ್ ಸಾಕಷ್ಟು ಉಳಿಯುತ್ತದೆ. ಆದ್ದರಿಂದ ‘ಡಬ್ಬಿ ಹಣ್ಣು ಕೆಟ್ಟದ್ದು’ ಎನ್ನುವುದೂ ತಪ್ಪು, ‘ಹಣ್ಣು ತಾನೆ, ಎಷ್ಟು ತಿಂದರೂ ಆಯಿತು’ ಎನ್ನುವುದೂ ತಪ್ಪು.

ಹಣ್ಣು ಡಬ್ಬಿಯಲ್ಲಿ ಕೆಡದೆ ಉಳಿಯುವುದು ಹೇಗೆ?

ಡಬ್ಬಿ ಹಣ್ಣು ಎಂದರೆ ಎಲ್ಲೋ ದೂರದ ಪರದೇಶದ ವಸ್ತು ಎಂಬ ಭಾವನೆ ನಮ್ಮಲ್ಲಿದೆ. ಆದರೆ ಅದರ ಮೂಲ ನಮ್ಮ ಪಕ್ಕದಲ್ಲೇ ಇದೆ. ಹಾವೇರಿ ಜಿಲ್ಲೆಯ ಹಾನಗಲ್ ತಾಲ್ಲೂಕು ಆಪೂಸು ಮಾವಿಗೆ ಹೆಸರಾದದ್ದು. ಅಲ್ಲಿ ಮಾವಿನ ತಿರುಳು ತೆಗೆಯುವ ಘಟಕಗಳೂ ಇವೆ. ಹಾನಗಲ್ ದಾಟಿ ಶಿರಸಿ ಸೀಮೆಗೆ ಹೋದರೆ ಬನವಾಸಿಯ ಸುತ್ತ ಅನಾನಸ್ ಬೆಳೆ ಕಾಣುತ್ತದೆ. ಎರಡೂ ಹಣ್ಣುಗಳಿಗೆ ಇರುವ ತೊಂದರೆ ಒಂದೇ: ಸುಗ್ಗಿಯಲ್ಲಿ ಒಮ್ಮೆಲೇ ರಾಶಿ ಬೀಳುತ್ತವೆ, ಬೇಗ ಕೊಳೆಯುತ್ತವೆ. ಡಬ್ಬಿ ಮಾಡುವುದು ಈ ತೊಂದರೆಗೆ ಕಂಡುಕೊಂಡ ದಾರಿ.

ಈ ವಿಧಾನವನ್ನು ರೂಪಿಸಿದವನು ಫ್ರಾನ್ಸ್‌ನ ನಿಕೋಲಾ ಅಪೆರ್. ಸೈನಿಕರಿಗೆ ಕೆಡದ ಆಹಾರ ಬೇಕಾಗಿದ್ದ ಕಾಲದಲ್ಲಿ ಅವನು ಆಹಾರವನ್ನು ಗಾಜಿನ ಬಾಟಲಿಗೆ ತುಂಬಿ, ಬಿಗಿಯಾಗಿ ಮುಚ್ಚಿ, ಕುದಿಯುವ ನೀರಿನಲ್ಲಿಟ್ಟು ಉಳಿಸಿದ. 1810ರಲ್ಲಿ ಅದಕ್ಕೆ ಸರ್ಕಾರದಿಂದ 12,000 ಫ್ರಾಂಕ್ ಬಹುಮಾನ ಪಡೆದ. ಅದೇ ವರ್ಷ ಇಂಗ್ಲೆಂಡಿನಲ್ಲಿ ಪೀಟರ್ ಡ್ಯುರಾಂಡ್ ತವರ ಲೇಪಿಸಿದ ಡಬ್ಬಿಗೆ ಪೇಟೆಂಟ್ ಪಡೆದ. ಸೂಕ್ಷ್ಮಜೀವಿಗಳಿಂದ ಆಹಾರ ಕೆಡುತ್ತದೆ ಎಂದು ಲೂಯಿ ಪಾಶ್ಚರ್ ತೋರಿಸಿಕೊಟ್ಟದ್ದು ಇದಾದ ಹಲವು ದಶಕಗಳ ಮೇಲೆ.

ಇಂದಿಗೂ ತತ್ವ ಅದೇ. ಹಣ್ಣನ್ನು ತೊಳೆದು, ಸಿಪ್ಪೆ ತೆಗೆದು, ಹೆಚ್ಚಿ ಡಬ್ಬಿಗೆ ಹಾಕುತ್ತಾರೆ. ಮೇಲೆ ಬಿಸಿ ಪಾಕ, ರಸ ಅಥವಾ ನೀರು ತುಂಬುತ್ತಾರೆ. ಒಳಗಿನ ಗಾಳಿ ಹೊರಹಾಕಿ ಮುಚ್ಚಿ ಕುದಿಸಿ ತಣಿಸುತ್ತಾರೆ. ಮಾವಿನ ಪಲ್ಪ್ ಆದರೆ ಓಟೆ ಬೇರ್ಪಡಿಸಿ, ತಿರುಳನ್ನು ಜರಡಿಯಿಂದ ಸೋಸಿ, ಬಿಸಿ ಮಾಡಿ ತುಂಬುತ್ತಾರೆ.

ಹಣ್ಣಿನ ಹುಳಿ ಇಲ್ಲಿ ದೊಡ್ಡ ಸಹಾಯ ಮಾಡುತ್ತದೆ. ಆಹಾರದ ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಬೊಟುಲಿನಮ್ ಎಂಬ ಅಪಾಯಕಾರಿ ಬ್ಯಾಕ್ಟೀರಿಯಾ ಅದರಲ್ಲಿ ಬೆಳೆದು ವಿಷ ಉಂಟುಮಾಡಲಾರದು. ಅನಾನಸ್ ಸಹಜವಾಗಿಯೇ ಅಷ್ಟು ಹುಳಿ ಇರುವ ಹಣ್ಣು. ಆದ್ದರಿಂದ ನೀರು ಕುದಿಯುವ ಶಾಖವೇ ಅದಕ್ಕೆ ಸಾಕು. ಚೆನ್ನಾಗಿ ಮಾಗಿದ ಮಾವಿನ ಹುಳಿ ಕೆಲವೊಮ್ಮೆ ಈ ಗಡಿಯ ಹತ್ತಿರ ಬರುತ್ತದೆ. ಮಾವಿನ ಪಲ್ಪ್ ಡಬ್ಬಿಯ ಮೇಲೆ ‘ಐಎನ್‌ಎಸ್ 330’ ಎಂದು ಕಾಣುವುದಕ್ಕೆ ಇದು ಒಂದು ಕಾರಣ. ಅದು ಸಿಟ್ರಿಕ್ ಆಮ್ಲ, ಅಂದರೆ ನಿಂಬೆಹಣ್ಣಿನಲ್ಲಿರುವ ಹುಳಿಯೇ.

ಕ್ಯಾಲೊರಿ ಎಲ್ಲಿಂದ ಬರುತ್ತದೆ?

ಮೊದಲು ಅಳತೆಯ ಮಾತು. ನಾವು ದಿನನಿತ್ಯ ‘ಕ್ಯಾಲೊರಿ’ ಎನ್ನುವುದು ವಾಸ್ತವದಲ್ಲಿ ಕಿಲೋಕ್ಯಾಲೊರಿ. ಲೇಬಲ್‌ನಲ್ಲಿ ‘ಕೆಕ್ಯಾಲ್’ ಎಂದಿರುವುದು ಅದೇ. ಕೆಲವು ಕಡೆ ಕಿಲೋಜೂಲ್ ಇರುತ್ತದೆ. 1 ಕಿಲೋಕ್ಯಾಲೊರಿ ಎಂದರೆ 4.184 ಕಿಲೋಜೂಲ್. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರಗಳ ಕೋಷ್ಟಕ ಶಕ್ತಿಯನ್ನು ಕಿಲೋಜೂಲ್‌ನಲ್ಲೇ ಕೊಡುತ್ತದೆ. ಅದನ್ನು ಕ್ಯಾಲೊರಿ ಎಂದುಕೊಂಡು ಓದಿದರೆ ಲೆಕ್ಕ ನಾಲ್ಕು ಪಟ್ಟು ಹೆಚ್ಚಾಗಿ ಬಿಡುತ್ತದೆ.

1 ಗ್ರಾಂ ಕಾರ್ಬೋಹೈಡ್ರೇಟ್ ಸುಮಾರು 4 ಕ್ಯಾಲೊರಿ ಕೊಡುತ್ತದೆ. 1 ಗ್ರಾಂ ಪ್ರೋಟೀನ್ ಕೂಡ 4 ಕೊಡುತ್ತದೆ. 1 ಗ್ರಾಂ ಕೊಬ್ಬು 9 ಕೊಡುತ್ತದೆ. ಮಾವು, ಅನಾನಸ್‌ನಂಥ ಹಣ್ಣಿನಲ್ಲಿ ಕೊಬ್ಬು, ಪ್ರೋಟೀನ್ ಎರಡೂ ಬಹಳ ಕಡಿಮೆ. ಹಾಗಾಗಿ ಕಾರ್ಬೋಹೈಡ್ರೇಟ್ ಸಾಲನ್ನು ನಾಲ್ಕರಿಂದ ಗುಣಿಸಿದರೆ ಸಾಕು, ಕ್ಯಾಲೊರಿಯ ಹತ್ತಿರದ ಅಂದಾಜು ಸಿಗುತ್ತದೆ. ನಾರಿನಂಶ ಪೂರ್ತಿ ಜೀರ್ಣವಾಗುವುದಿಲ್ಲ. ಆ ಕಾರಣಕ್ಕೆ ಲೇಬಲ್‌ನ ಅಂಕಿ ನಿಮ್ಮ ಗುಣಾಕಾರಕ್ಕಿಂತ ಎರಡು ಮೂರು ಅಂಕಿ ಆಚೀಚೆ ಆಗಬಹುದು. ಅದರಲ್ಲಿ ಮೋಸವೇನಿಲ್ಲ.

ಈಗ ಒಂದೇ ಹಣ್ಣನ್ನು ಬೇರೆ ಬೇರೆ ದ್ರವದಲ್ಲಿ ನೋಡೋಣ. ಅಮೆರಿಕದ ಕೃಷಿ ಇಲಾಖೆಯ ಆಹಾರ ದತ್ತಾಂಶದ ಪ್ರಕಾರ 100 ಗ್ರಾಂ ಅನಾನಸ್‌ನಲ್ಲಿ, ಡಬ್ಬಿಯದಾದರೆ ದ್ರವವನ್ನೂ ಸೇರಿಸಿ, ಇರುವುದು ಇಷ್ಟು:

- ತಾಜಾ ಹಣ್ಣು: 50 ಕ್ಯಾಲೊರಿ, ಸುಮಾರು 13 ಗ್ರಾಂ ಕಾರ್ಬೋಹೈಡ್ರೇಟ್
- ನೀರಿನಲ್ಲಿಟ್ಟದ್ದು: 32 ಕ್ಯಾಲೊರಿ, ಸುಮಾರು 8 ಗ್ರಾಂ
- ತೆಳು ಪಾಕದಲ್ಲಿಟ್ಟದ್ದು: 52 ಕ್ಯಾಲೊರಿ, ಸುಮಾರು 13.5 ಗ್ರಾಂ
- ರಸದಲ್ಲಿಟ್ಟದ್ದು: 60 ಕ್ಯಾಲೊರಿ, ಸುಮಾರು 16 ಗ್ರಾಂ
- ಗಟ್ಟಿ ಪಾಕದಲ್ಲಿಟ್ಟದ್ದು: 78 ಕ್ಯಾಲೊರಿ, ಸುಮಾರು 20 ಗ್ರಾಂ

ಈ ಪಟ್ಟಿಯಲ್ಲಿ ಎರಡು ಸಂಗತಿ ಗಮನಿಸಿ. ಒಂದು, ನೀರಿನಲ್ಲಿಟ್ಟ ಅನಾನಸ್‌ನಲ್ಲಿ ತಾಜಾ ಹಣ್ಣಿಗಿಂತಲೂ ಕಡಿಮೆ ಕ್ಯಾಲೊರಿ ಇದೆ. ಹಣ್ಣಿನೊಳಗಿನ ಸಕ್ಕರೆ ನೀರಿಗೆ ಹರಡಿ ತೆಳುವಾಗಿರುವುದೇ ಇದಕ್ಕೆ ಕಾರಣ. ಎರಡು, ‘ರಸದಲ್ಲಿಟ್ಟದ್ದು’ ಎಂದಾಕ್ಷಣ ಕ್ಯಾಲೊರಿ ಕಡಿಮೆ ಎಂದು ತಿಳಿಯಬೇಕಿಲ್ಲ. ರಸವೂ ಸಕ್ಕರೆ ಇರುವ ದ್ರವವೇ. ಇಲ್ಲಿ ಅದು ತೆಳು ಪಾಕಕ್ಕಿಂತ ಮುಂದೆ ಹೋಗಿದೆ.

ಪಾಕ ಬಸಿದುಬಿಟ್ಟರೆ ಸಕ್ಕರೆ ಹೋಗುತ್ತದೆಯೇ?

ಅರ್ಧ ಮಾತ್ರ. ಡಬ್ಬಿ ಮುಚ್ಚಿದ ದಿನದಿಂದ ಹಣ್ಣು ಮತ್ತು ಪಾಕದ ನಡುವೆ ಕೊಡುಕೊಳ್ಳುವಿಕೆ ನಡೆಯುತ್ತಿರುತ್ತದೆ. ಪಾಕದ ಸಕ್ಕರೆ ಹಣ್ಣಿನೊಳಗೆ ಇಳಿಯುತ್ತದೆ, ಹಣ್ಣಿನ ನೀರು ಪಾಕಕ್ಕೆ ಬರುತ್ತದೆ. ಕೆಲವು ವಾರಗಳಲ್ಲಿ ಎರಡರ ಸಿಹಿಯೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬರುತ್ತದೆ. ಹಾಗಾಗಿ ಪಾಕ ಬಸಿದ ಮೇಲೂ ಪ್ರತಿ 100 ಗ್ರಾಂ ಹಣ್ಣಿನ ಕ್ಯಾಲೊರಿಯಲ್ಲಿ ದೊಡ್ಡ ಇಳಿಕೆ ಕಾಣುವುದಿಲ್ಲ. ನೀರಿನಲ್ಲಿ ತೊಳೆದರೆ ಮೇಲಿನ ಅಂಟು ಹೋಗುತ್ತದೆ, ಒಳಗಿಳಿದದ್ದು ಉಳಿಯುತ್ತದೆ.

ಆದರೂ ಬಸಿಯುವುದು ವ್ಯರ್ಥವಲ್ಲ. ಲೆಕ್ಕ ಹಾಕಿ ನೋಡೋಣ. ಒಂದು ಡಬ್ಬಿಯ ಒಟ್ಟು ತೂಕ 850 ಗ್ರಾಂ, ಬಸಿದ ಮೇಲೆ ಉಳಿಯುವ ಹಣ್ಣು 490 ಗ್ರಾಂ, ಗಟ್ಟಿ ಪಾಕ ಎಂದುಕೊಳ್ಳಿ.

- ಪಾಕ ಸಹಿತ ಇಡೀ ಡಬ್ಬಿ: 8.5 × 78 = ಸುಮಾರು 660 ಕ್ಯಾಲೊರಿ
- ಪಾಕ ಚೆಲ್ಲಿದ ಹಣ್ಣು: 4.9 × 78 = ಸುಮಾರು 380 ಕ್ಯಾಲೊರಿ
- ಅಷ್ಟೇ ತೂಕದ ತಾಜಾ ಅನಾನಸ್: 4.9 × 50 = 245 ಕ್ಯಾಲೊರಿ

ಪಾಕ ಕುಡಿಯದೇ ಇದ್ದರೆ ಒಂದು ಡಬ್ಬಿಯಲ್ಲಿ ಸುಮಾರು 280 ಕ್ಯಾಲೊರಿ ತಪ್ಪಿತು. ಆದರೂ ತಾಜಾ ಹಣ್ಣಿಗಿಂತ ಸುಮಾರು 135 ಕ್ಯಾಲೊರಿ ಹೆಚ್ಚೇ ಉಳಿಯಿತು. ಮನೆಗಳಲ್ಲಿ ಆಗುವ ದೊಡ್ಡ ತಪ್ಪೆಂದರೆ ಹಣ್ಣು ತಿಂದಾದ ಮೇಲೆ ತಳದ ಪಾಕವನ್ನು ‘ಚೆಲ್ಲುವುದ್ಯಾಕೆ’ ಎಂದು ಮಕ್ಕಳಿಗೆ ಕುಡಿಸುವುದು, ಇಲ್ಲವೇ ಅನಾನಸ್ ಶಿರಾಕ್ಕೆ ಪಾಕವನ್ನೂ ಹಾಕಿ, ಅಳತೆಯ ಸಕ್ಕರೆಯನ್ನೂ ಹಾಕುವುದು. ಶಿರಾಕ್ಕೆ ಪಾಕ ಹಾಕುವುದಾದರೆ ಸಕ್ಕರೆಯನ್ನು ಅಷ್ಟಕ್ಕೆ ಕಡಿತ ಮಾಡಿ.

ಲೇಬಲ್ ಓದುವ ಕ್ರಮ

ಡಬ್ಬಿಯ ಮುಂದಿನ ಚಿತ್ರ ಬಿಟ್ಟು ಹಿಂಬದಿಗೆ ಬನ್ನಿ. ಭಾರತದಲ್ಲಿ ಲೇಬಲ್‌ನ ನಿಯಮಗಳನ್ನು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, 2020ರ ಲೇಬಲಿಂಗ್ ನಿಯಮಾವಳಿಯಲ್ಲಿ ಹೇಳಿದೆ. ಐದು ಕಡೆ ಕಣ್ಣು ಹಾಯಿಸಿದರೆ ಸಾಕು.

1. ಪದಾರ್ಥಗಳ ಪಟ್ಟಿ. ತೂಕದಲ್ಲಿ ಹೆಚ್ಚು ಇರುವುದನ್ನು ಮೊದಲು ಬರೆಯಬೇಕು ಎಂಬುದು ನಿಯಮ. ಹಣ್ಣಿನ ನಂತರ ಸಕ್ಕರೆ ಎಷ್ಟನೆಯದಾಗಿ ಬಂದಿದೆ ನೋಡಿ. ಗ್ಲೂಕೋಸ್ ಸಿರಪ್, ಇನ್ವರ್ಟ್ ಸಿರಪ್, ಫ್ರುಕ್ಟೋಸ್, ಜೇನು, ಬೆಲ್ಲ ಇವೆಲ್ಲ ಸಕ್ಕರೆಯ ಬೇರೆ ಬೇರೆ ಹೆಸರುಗಳು.

2. ದ್ರವ ಯಾವುದು. ‘ಹೆವಿ ಸಿರಪ್’ ಎಂದರೆ ಗಟ್ಟಿ ಪಾಕ, ‘ಲೈಟ್ ಸಿರಪ್’ ಎಂದರೆ ತೆಳು ಪಾಕ, ‘ಇನ್ ಜ್ಯೂಸ್’ ಎಂದರೆ ರಸದಲ್ಲಿ.

3. ಬಸಿದ ತೂಕ. ಲೇಬಲ್‌ನಲ್ಲಿ ಇದು ‘ಡ್ರೈನ್ಡ್ ವೇಟ್’ ಎಂದಿರುತ್ತದೆ. ಸಾಮಾನ್ಯವಾಗಿ ಚೆಲ್ಲುವ ದ್ರವದಲ್ಲಿ ಆಹಾರವನ್ನಿಟ್ಟು ಮಾರುವಾಗ ಒಟ್ಟು ತೂಕದ ಜೊತೆ ಬಸಿದ ತೂಕವನ್ನೂ ಹಾಕಬೇಕು. ನೀವು ಕೊಟ್ಟ ಹಣಕ್ಕೆ ಎಷ್ಟು ಹಣ್ಣು ಬಂತು ಎಂದು ಹೇಳುವುದು ಇದೇ ಅಂಕಿ. ಬೆಲೆ ಹೋಲಿಸುವಾಗಲೂ ಇದನ್ನೇ ಹಿಡಿಯಿರಿ.

4. ಒಟ್ಟು ಸಕ್ಕರೆ, ಸೇರಿಸಿದ ಸಕ್ಕರೆ. ಇವೆರಡೂ ಬೇರೆ ಸಾಲುಗಳು. ಒಟ್ಟು ಸಕ್ಕರೆಯಲ್ಲಿ ಹಣ್ಣಿನದೂ ಸೇರಿರುತ್ತದೆ. ಸೇರಿಸಿದ ಸಕ್ಕರೆ ಎಂದರೆ ಕಾರ್ಖಾನೆಯಲ್ಲಿ ಹಾಕಿದ್ದು. ಲೇಬಲ್‌ನ ಶೇಕಡಾವಾರು ಲೆಕ್ಕಕ್ಕೆ ದಿನಕ್ಕೆ 2,000 ಕ್ಯಾಲೊರಿ ಮತ್ತು 50 ಗ್ರಾಂ ಸೇರಿಸಿದ ಸಕ್ಕರೆಯನ್ನು ಆಧಾರವಾಗಿ ಇಟ್ಟುಕೊಂಡಿದ್ದಾರೆ.

5. ಅಂಕಿ ಯಾವ ಅಳತೆಗೆ. 100 ಗ್ರಾಂಗೆ ಕೊಟ್ಟದ್ದೋ, ಒಂದು ಬಾರಿಯ ಪಾಲಿಗೆ ಕೊಟ್ಟದ್ದೋ ನೋಡಿ. ಕಂಪನಿ ಹೇಳುವ ‘ಒಂದು ಪಾಲು’ ಮತ್ತು ನಿಮ್ಮ ಮನೆಯ ಬಟ್ಟಲು ಒಂದೇ ಆಗಿರಬೇಕೆಂದಿಲ್ಲ. ಎರಡು ಡಬ್ಬಿಗಳನ್ನು ಹೋಲಿಸುವಾಗ 100 ಗ್ರಾಂ ಸಾಲನ್ನೇ ಬಳಸಿ.

50 ಗ್ರಾಂ ಸಕ್ಕರೆ ಎಂಬುದು ತಿನ್ನಲೇಬೇಕಾದ ಪ್ರಮಾಣ ಎಂದು ತಿಳಿಯಬಾರದು. ಅದು ಮೇಲಿನ ಮಿತಿ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ದಿನದ ಶಕ್ತಿಯಲ್ಲಿ 10%ಕ್ಕಿಂತ ಕಡಿಮೆ ಪಾಲು ಮಾತ್ರ ಇಂಥ ಸಕ್ಕರೆಯಿಂದ ಬರಲಿ, 5%ಕ್ಕಿಂತ ಕೆಳಗಿಳಿದರೆ ಇನ್ನೂ ಒಳ್ಳೆಯದು ಎಂದಿದೆ. 2,000 ಕ್ಯಾಲೊರಿಯ 10% ಎಂದರೆ 200 ಕ್ಯಾಲೊರಿ, ಅಂದರೆ 50 ಗ್ರಾಂ. 5% ಎಂದರೆ 25 ಗ್ರಾಂ, ಸುಮಾರು ಆರು ಟೀ ಚಮಚೆ. ದಿನಕ್ಕೆ ಮೂರು ಸಲ ಎರಡೆರಡು ಚಮಚೆ ಸಕ್ಕರೆಯ ಚಹಾ ಕುಡಿಯುವವರಿಗೆ ಅಲ್ಲಿಗೇ ಅದು ಮುಗಿದಿರುತ್ತದೆ. ಇನ್ನೊಂದು ಮಾತು: ಈ ಲೆಕ್ಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಣ್ಣಿನ ರಸದಲ್ಲಿರುವ ಸಕ್ಕರೆಯನ್ನೂ ಸೇರಿಸುತ್ತದೆ. ಇಡಿ ಹಣ್ಣಿನಲ್ಲಿರುವುದನ್ನು ಸೇರಿಸುವುದಿಲ್ಲ.

ಮಾವಿನ ಪಲ್ಪ್ ಮತ್ತು ಶೀಕರಣಿ

ನಮ್ಮ ಭಾಗದಲ್ಲಿ ಡಬ್ಬಿ ಹಣ್ಣು ಹೆಚ್ಚಾಗಿ ಮನೆಗೆ ಬರುವುದು ಮಾವಿನ ಪಲ್ಪ್ ರೂಪದಲ್ಲಿ. ಸೀಸನ್ ಇಲ್ಲದಾಗ ಹೋಳಿಗೆಗೋ ಚಪಾತಿಗೋ ಶೀಕರಣಿ ಬೇಕೆಂದರೆ ಅದೇ ದಾರಿ. ಇಲ್ಲಿ ಬಸಿಯುವ ಮಾತಿಲ್ಲ. ಇದ್ದದ್ದೆಲ್ಲ ಹೊಟ್ಟೆಗೆ ಹೋಗುತ್ತದೆ.

ಪಲ್ಪ್ ಎರಡು ತರಹ. ಒಂದು ಬರೀ ತಿರುಳು, ಇನ್ನೊಂದು ಸಕ್ಕರೆ ಬೆರೆಸಿದ್ದು. ತಿರುಳಿನ ಸಿಹಿಯನ್ನು ‘ಬ್ರಿಕ್ಸ್’ ಎಂಬ ಅಳತೆಯಲ್ಲಿ ಹೇಳುತ್ತಾರೆ. 16 ಬ್ರಿಕ್ಸ್ ಎಂದರೆ 100 ಗ್ರಾಂನಲ್ಲಿ ಕರಗಿದ ಅಂಶ ಸುಮಾರು 16 ಗ್ರಾಂ, ಅದರಲ್ಲಿ ಬಹುಪಾಲು ಸಕ್ಕರೆ. ಆಪೂಸಿನ ಬರೀ ತಿರುಳು ಸುಮಾರು ಈ ಮಟ್ಟದಲ್ಲಿರುತ್ತದೆ.

ಒಂದು ಬಟ್ಟಲಿಗೆ 150 ಗ್ರಾಂ ಬರೀ ತಿರುಳು ಹಾಕಿದರೆ ಸುಮಾರು 24 ಗ್ರಾಂ ಸಕ್ಕರೆ, ಅಂದರೆ ಸುಮಾರು 95 ಕ್ಯಾಲೊರಿ. ಮೇಲೆ ಮೂರು ಟೀ ಚಮಚೆ ಸಕ್ಕರೆ ಹಾಕಿದರೆ 12 ಗ್ರಾಂ, 48 ಕ್ಯಾಲೊರಿ. ಅಲ್ಲಿಗೆ ಸುಮಾರು 145. ಹಾಲು, ಹೋಳಿಗೆ, ತುಪ್ಪದ ಲೆಕ್ಕ ಬೇರೆ. ಡಬ್ಬಿಯಲ್ಲೇ ಸಕ್ಕರೆ ಬೆರೆಸಿದ್ದರೆ, ಅದನ್ನು ನೋಡದೆ ಮನೆಯ ರೂಢಿಯಂತೆ ಮತ್ತೆ ಮೂರು ಚಮಚೆ ಹಾಕುವುದು ಸಾಮಾನ್ಯ. ಸಕ್ಕರೆ ಎರಡು ಸಲ ಬಿದ್ದದ್ದು ನಾಲಿಗೆಗೆ ಅಷ್ಟಾಗಿ ತಿಳಿಯುವುದಿಲ್ಲ, ಏಕೆಂದರೆ ತಣ್ಣಗಿದ್ದಾಗ ಸಿಹಿ ಕಡಿಮೆ ಎನಿಸುತ್ತದೆ.

ಪಲ್ಪ್ ಮತ್ತು ಮಾವಿನ ಪಾನೀಯ ಒಂದೇ ಎಂದುಕೊಳ್ಳುವುದೂ ಇದೆ. ನೇರವಾಗಿ ಕುಡಿಯುವ ಹಣ್ಣಿನ ಪಾನೀಯಗಳಲ್ಲಿ ಸಾಮಾನ್ಯವಾಗಿ ಹಣ್ಣಿನ ಅಂಶ ಕನಿಷ್ಠ 10% ಇದ್ದರೆ ನಿಯಮಕ್ಕೆ ಸಾಕು. ಉಳಿದದ್ದು ಹೆಚ್ಚಾಗಿ ನೀರು ಮತ್ತು ಸಕ್ಕರೆ. ಬಾಟಲಿಯ ಮೇಲಿನ ಮಾವಿನ ಚಿತ್ರ ನೋಡಿ ಅದನ್ನು ಹಣ್ಣಿನ ಲೆಕ್ಕಕ್ಕೆ ಸೇರಿಸಬೇಡಿ. ರಸದ ಡಬ್ಬಿಗಳ ಮೇಲೆ ‘100% ಹಣ್ಣಿನ ರಸ’ ಎಂದು ಹಾಕುವುದನ್ನು ತೆಗೆಯಬೇಕೆಂದು ಎಫ್‌ಎಸ್‌ಎಸ್‌ಎಐ ಜೂನ್ 2024ರಲ್ಲಿ ಸೂಚಿಸಿದ್ದಕ್ಕೂ ಇಂಥ ತಪ್ಪು ತಿಳಿವಳಿಕೆಯೇ ಕಾರಣ.

ಕ್ಯಾಲೊರಿ ಒಂದನ್ನೇ ನೋಡಿದರೆ ಸಾಲದು

ಕ್ಯಾಲೊರಿ ಕಡಿಮೆ ಇದ್ದ ಮಾತ್ರಕ್ಕೆ ಆಹಾರ ಒಳ್ಳೆಯದಾಗುವುದಿಲ್ಲ. ಹಣ್ಣನ್ನು ನಾವು ತಿನ್ನುವುದು ವಿಟಮಿನ್, ಖನಿಜ, ನಾರಿಗಾಗಿ. ಡಬ್ಬಿಯಲ್ಲಿ ಅವು ಏನಾಗುತ್ತವೆ?

ವಿಟಮಿನ್ ಸಿ. ಇದಕ್ಕೆ ಶಾಖವೂ ಆಗದು, ಗಾಳಿಯೂ ಆಗದು. ನೀರಿನಲ್ಲಿ ಕರಗಿಯೂ ಹೋಗುತ್ತದೆ. 100 ಗ್ರಾಂ ತಾಜಾ ಅನಾನಸ್‌ನಲ್ಲಿ ಸುಮಾರು 48 ಮಿಲಿಗ್ರಾಂ ಇದ್ದರೆ, ರಸದಲ್ಲಿಟ್ಟ ಡಬ್ಬಿಯದರಲ್ಲಿ ಸುಮಾರು 9.5, ಗಟ್ಟಿ ಪಾಕದ್ದರಲ್ಲಿ ಸುಮಾರು 7.5 ಮಿಲಿಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕ ಗಂಡಸಿಗೆ ದಿನಕ್ಕೆ 80, ಹೆಂಗಸಿಗೆ 65 ಮಿಲಿಗ್ರಾಂ ಬೇಕು. ಡಬ್ಬಿ ಅನಾನಸ್ ನಂಬಿಕೊಂಡರೆ ಇದು ದಕ್ಕುವುದಿಲ್ಲ. ಸಂತೆಯಲ್ಲಿ ಸಿಗುವ ಒಂದು ಪೇರಲ ಹಣ್ಣು ಸಾಕು, 100 ಗ್ರಾಂನಲ್ಲಿ 200 ಮಿಲಿಗ್ರಾಂಗೂ ಹೆಚ್ಚು ಸಿಗುತ್ತದೆ.

ನಾರು. ತಾಜಾ ಅನಾನಸ್‌ನಲ್ಲಿ 100 ಗ್ರಾಂಗೆ 1.4 ಗ್ರಾಂ, ಡಬ್ಬಿಯದರಲ್ಲಿ ದ್ರವ ಸೇರಿ 0.8 ಗ್ರಾಂ. ಇಲ್ಲಿ ನಾರು ನಾಶವಾದದ್ದಕ್ಕಿಂತ ದ್ರವದ ತೂಕ ಸೇರಿ ಅಂಕಿ ತೆಳುವಾದದ್ದೇ ಹೆಚ್ಚು. ಮಾವಿನ ಪಲ್ಪ್‌ನ ವಿಷಯ ಬೇರೆ. ಅದನ್ನು ಜರಡಿಯಲ್ಲಿ ಸೋಸುವುದರಿಂದ ನಾರಿನ ಒಂದು ಪಾಲು ಕಾರ್ಖಾನೆಯಲ್ಲೇ ಉಳಿಯುತ್ತದೆ. ಅಗಿಯುವ ಕೆಲಸವೂ ಇಲ್ಲದ ಕಾರಣ ಎರಡು ಹಣ್ಣಿನ ತಿರುಳು ಎರಡು ನಿಮಿಷದಲ್ಲಿ ಹೊಟ್ಟೆ ಸೇರುತ್ತದೆ.

ಕ್ಯಾರೋಟಿನ್. ದೇಹದಲ್ಲಿ ವಿಟಮಿನ್ ಎ ಆಗಿ ಬದಲಾಗುವ ಈ ಅಂಶ ನೀರಿನಲ್ಲಿ ಕರಗುವುದಿಲ್ಲ, ಶಾಖವನ್ನೂ ತಕ್ಕಮಟ್ಟಿಗೆ ತಡೆಯುತ್ತದೆ. ಮಾವಿನ ಪಲ್ಪ್‌ನಲ್ಲಿ ಇದು ಸಾಕಷ್ಟು ಉಳಿದಿರುತ್ತದೆ.

ಪೊಟ್ಯಾಸಿಯಂ. ಇದು ಶಾಖಕ್ಕೆ ನಾಶವಾಗುವುದಿಲ್ಲ, ದ್ರವಕ್ಕೆ ಇಳಿಯುತ್ತದೆ. ದ್ರವ ಚೆಲ್ಲಿದರೆ ಅದರ ಒಂದು ಪಾಲೂ ಹೋಗುತ್ತದೆ.

ಹೋಲಿಸುವಾಗ ಒಂದು ನ್ಯಾಯ ಪಾಲಿಸಬೇಕು. ತೋಟದಿಂದ ನಿನ್ನೆ ಬಂದ ಹಣ್ಣಿನ ಜೊತೆ ಡಬ್ಬಿಯನ್ನು ಹೋಲಿಸಿದರೆ ಡಬ್ಬಿ ಸೋಲುತ್ತದೆ. ಹೆಚ್ಚಿಟ್ಟು ದಿನವಿಡೀ ಗಾಳಿಗೆ ತೆರೆದಿಟ್ಟ ಹಣ್ಣೂ ವಿಟಮಿನ್ ಸಿ ಕಳೆದುಕೊಳ್ಳುತ್ತಿರುತ್ತದೆ. ಹಣ್ಣೇ ಸಿಗದ ದಿನದ ಜೊತೆ ಹೋಲಿಸಿದರೆ ಸಕ್ಕರೆ ಹಾಕದ ಡಬ್ಬಿ ಹಣ್ಣಿಗೆ ಜಾಗವಿದೆ.

ಕೆಲವು ನಂಬಿಕೆಗಳು, ವಾಸ್ತವಗಳು

ನಂಬಿಕೆ: ಡಬ್ಬಿ ಹಣ್ಣು ವರ್ಷಗಟ್ಟಲೆ ಉಳಿಯಬೇಕಾದರೆ ಕೆಮಿಕಲ್ ಹಾಕಲೇಬೇಕು.
ವಾಸ್ತವ: ಅದನ್ನು ಉಳಿಸುವುದು ಶಾಖ, ಹುಳಿ ಮತ್ತು ಗಾಳಿಯಾಡದ ಮುಚ್ಚಳ. ಸಂರಕ್ಷಕ ಹಾಕಿದ್ದರೆ ಅದನ್ನು ಪದಾರ್ಥಗಳ ಪಟ್ಟಿಯಲ್ಲಿ ಬರೆಯಬೇಕು, ನೀವೇ ಓದಿ ನೋಡಬಹುದು.

ನಂಬಿಕೆ: ‘ಸಕ್ಕರೆ ಸೇರಿಸಿಲ್ಲ’ ಎಂದಿದ್ದರೆ ಸಕ್ಕರೆ ಇಲ್ಲ.
ವಾಸ್ತವ: ಹಣ್ಣಿನ ಸ್ವಂತ ಸಕ್ಕರೆ ಇದ್ದೇ ಇರುತ್ತದೆ. 16 ಬ್ರಿಕ್ಸ್‌ನ ಬರೀ ಮಾವಿನ ತಿರುಳಿನಲ್ಲಿ 100 ಗ್ರಾಂಗೆ ನಾಲ್ಕು ಟೀ ಚಮಚೆಯಷ್ಟು ಸಕ್ಕರೆ ಇದೆ.

ನಂಬಿಕೆ: ಅನಾನಸ್ ಹಾಕಿದರೆ ಹಾಲು, ಮೊಸರು ಕೆಡುತ್ತದೆ, ಡಬ್ಬಿಯದಾದರೆ ಇನ್ನೂ ಬೇಗ.
ವಾಸ್ತವ: ತಾಜಾ ಅನಾನಸ್‌ನಲ್ಲಿ ಬ್ರೊಮೆಲೇನ್ ಎಂಬ ಕಿಣ್ವವಿದೆ. ಅದು ಹಾಲಿನ ಪ್ರೋಟೀನನ್ನು ಕತ್ತರಿಸುತ್ತದೆ, ಅದಕ್ಕೇ ಹಾಲು ಒಡೆದಂತಾಗಿ ಕಹಿಯಾಗುತ್ತದೆ. ಡಬ್ಬಿಗೆ ಹಾಕುವಾಗಿನ ಶಾಖಕ್ಕೆ ಈ ಕಿಣ್ವ ಸುಮ್ಮನಾಗುತ್ತದೆ. ಮೊಸರುಬಜ್ಜಿಗೆ ಡಬ್ಬಿ ಅನಾನಸ್ಸೇ ಹೊಂದುತ್ತದೆ.

ಯಾರು ಹೆಚ್ಚು ಎಚ್ಚರ ವಹಿಸಬೇಕು?

ಸಕ್ಕರೆ ಕಾಯಿಲೆ ಇರುವವರು ಪಾಕದ ಹಣ್ಣು, ಸಕ್ಕರೆ ಬೆರೆಸಿದ ಪಲ್ಪ್ ಎರಡನ್ನೂ ದೂರ ಇಡುವುದು ಲೇಸು. ನೀರಿನಲ್ಲಿಟ್ಟ ಅಥವಾ ರಸದಲ್ಲಿಟ್ಟು ಬಸಿದ ಹಣ್ಣನ್ನು ಅಳತೆಯಲ್ಲಿ, ಊಟದ ಕಾರ್ಬೋಹೈಡ್ರೇಟ್ ಲೆಕ್ಕದೊಳಗೇ ಸೇರಿಸಿ ತಿನ್ನಬಹುದು. ಅಂದರೆ ಹಣ್ಣು ತಿಂದ ಹೊತ್ತು ಅನ್ನವೋ ರೊಟ್ಟಿಯೋ ಸ್ವಲ್ಪ ಕಡಿಮೆ ಆಗಬೇಕು. ರಾಷ್ಟ್ರೀಯ ಪೋಷಣಾ ಸಂಸ್ಥೆಯ ಆಹಾರ ತಟ್ಟೆಯಲ್ಲಿ ವಯಸ್ಕರಿಗೆ ದಿನಕ್ಕೆ 100 ಗ್ರಾಂ ಹಣ್ಣು ಇದೆ. ಡಬ್ಬಿ ಅನಾನಸ್‌ನ ಎರಡು ಬಿಲ್ಲೆ ಹೆಚ್ಚುಕಡಿಮೆ ಅಷ್ಟಾಗುತ್ತದೆ.

ಮೂತ್ರಪಿಂಡದ ತೊಂದರೆಯಿಂದ ಪೊಟ್ಯಾಸಿಯಂ ಮಿತಿ ಹಾಕಿಸಿಕೊಂಡವರ ಕತೆ ತಿರುವುಮುರುವು. ಅವರಿಗೆ ಕೆಲವು ಹಣ್ಣುಗಳನ್ನು ಡಬ್ಬಿಯಿಂದ ತೆಗೆದು ದ್ರವ ಬಸಿದು ತಿನ್ನಲು ವೈದ್ಯರೇ ಹೇಳುವುದುಂಟು. ಸಕ್ಕರೆ ಕಾಯಿಲೆಯೂ ಜೊತೆಗಿದ್ದರೆ ತಾವೇ ತೀರ್ಮಾನಿಸದೆ ವೈದ್ಯರನ್ನು ಅಥವಾ ಆಹಾರ ತಜ್ಞರನ್ನು ಕೇಳಬೇಕು.

ಕೊಳ್ಳುವಾಗ, ತೆರೆದ ಮೇಲೆ

ಉಬ್ಬಿದ, ಸೋರುವ, ಅಂಚಿನಲ್ಲಿ ಜಜ್ಜಿದ, ಆಳವಾಗಿ ತುಕ್ಕು ಹಿಡಿದ ಡಬ್ಬಿ ಬೇಡ. ಉಬ್ಬಿದೆ ಎಂದರೆ ಒಳಗೆ ಅನಿಲ ಹುಟ್ಟಿದೆ ಎಂದರ್ಥ. ರುಚಿ ನೋಡಿ ಪರೀಕ್ಷಿಸುವುದೂ ಬೇಡ. 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಸಂಖ್ಯೆ ಮತ್ತು ಬಳಕೆಯ ಕೊನೆಯ ದಿನಾಂಕ ನೋಡಿಕೊಳ್ಳಿ.

ತೆರೆದ ಮೇಲೆ ಉಳಿದ ಹಣ್ಣನ್ನು ಅದೇ ಡಬ್ಬಿಯಲ್ಲಿ ಇಡಬಾರದು. ಡಬ್ಬಿ ಉಕ್ಕಿನದು, ಒಳಗೆ ತವರದ ಲೇಪ ಇರುತ್ತದೆ. ಗಾಳಿ ತಾಗಿದ ಮೇಲೆ ಹುಳಿ ಹಣ್ಣು ತವರವನ್ನು ಬೇಗ ಕರಗಿಸುತ್ತದೆ. ಡಬ್ಬಿ ಆಹಾರದಲ್ಲಿ ತವರದ ಮಿತಿ ಕಿಲೋಗೆ 250 ಮಿಲಿಗ್ರಾಂ. ಅದು ಅತಿಯಾದರೆ ವಾಂತಿ, ಹೊಟ್ಟೆನೋವು ಬರಬಹುದು. ಗಾಜಿನ ಅಥವಾ ಸ್ಟೀಲ್ ಪಾತ್ರೆಗೆ ಬದಲಿಸಿ, ಮುಚ್ಚಿ, ಫ್ರಿಜ್‌ನಲ್ಲಿಟ್ಟು ಮೂರ್ನಾಲ್ಕು ದಿನದಲ್ಲಿ ಮುಗಿಸಿ.

ಕೊನೆಗೆ: ಅಜ್ಜಿಗೆ ಏನು ಹೇಳಬೇಕಿತ್ತು?

ಆ ದಿನ ಸೊಸೆ ಡಬ್ಬಿ ತಿರುಗಿಸಿ ನೋಡಿದ್ದರೆ ಅತ್ತೆಗೆ ‘ಬ್ಯಾಡ್ರಿ’ ಎನ್ನುವ ಒಂದೇ ಮಾತಿನ ಬದಲು ಲೆಕ್ಕ ಹೇಳಬಹುದಿತ್ತು. ಅನಾನಸ್ ಗಟ್ಟಿ ಪಾಕದ್ದಾಗಿದ್ದರೆ ಎರಡು ಬಿಲ್ಲೆಯಲ್ಲಿ ಸುಮಾರು 20 ಗ್ರಾಂ ಕಾರ್ಬೋಹೈಡ್ರೇಟ್, ತಾಜಾ ಹಣ್ಣಿಗಿಂತ ಎರಡು ಚಮಚೆ ಸಕ್ಕರೆಯಷ್ಟು ಹೆಚ್ಚು. ಅದು ಮಕ್ಕಳ ಪಾಲಿಗಿರಲಿ, ಅದೂ ಪಾಕ ಬಸಿದು. ನೀರಿನದಾಗಿದ್ದರೆ ಬಸಿದ ಎರಡು ಬಿಲ್ಲೆಗೆ 32 ಕ್ಯಾಲೊರಿ ಆಸುಪಾಸು. ಆ ಊಟದಲ್ಲಿ ಅನ್ನ ಒಂದೆರಡು ತುತ್ತು ಕಡಿಮೆ ಮಾಡಿ ಅಜ್ಜಿ ಅದನ್ನು ತಿನ್ನಬಹುದಿತ್ತು. ಡಬ್ಬಿ ಹಣ್ಣು ಪೂರ್ತಿ ಬೇಡವೆಂದರೆ ಮರುದಿನ ಸಂತೆಯಿಂದ ಒಂದು ಪೇರಲ ತಂದರೂ ಆಯಿತು.

ಡಾಕ್ಟರು ಹೇಳಿದ ‘ಹಣ್ಣು ತಿನ್ನಿ’ ಎಂಬ ಮಾತು ಹಣ್ಣಿನ ಬಗ್ಗೆ ಇತ್ತು, ಪಾಕದ ಬಗ್ಗೆ ಇರಲಿಲ್ಲ. ಈ ಎರಡನ್ನು ಬೇರೆ ಮಾಡಿ ನೋಡುವುದಕ್ಕೆ ಡಬ್ಬಿಯ ಹಿಂದಿನ ಸಾಲುಗಳೇ ಸಾಕು.